ಪ್ರಮಾಣಪತ್ರಕ್ಕೂ ಆಯುಸ್ಸುಂಟು

ವಿಕಿರಣಶೀಲ ಅಯೋಡಿನ್-131 ಸುಮಾರು 8 ದಿನಗಳಲ್ಲಿ ಅರ್ಧಕ್ಕಿಳಿಯುವುದೆಂದು ಭೌತವಿಜ್ಞಾನದ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಮನುಷ್ಯನು ಕಲಿತ ವಿದ್ಯೆಯೂ ಹೀಗೆ ಕ್ಷಯಿಸುವುದೆ? ಗಣಕಯಂತ್ರಗಳ ರಕ್ಷಣೆಗೆ ಸಂಬಂಧಿಸಿದ ಸೈಬರ್ ಭದ್ರತಾವಿದ್ಯೆಯ ಮಟ್ಟಿಗಂತೂ ಹೌದೆಂದೇ ಹೇಳಬೇಕಾಗಿದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 1977ರಲ್ಲಿ ಅಮೆರಿಕದ ಸರ್ಕಾರವು ಡಿ.ಇ.ಎಸ್. ಎಂಬ ಗೂಢಲಿಪಿಯ ಕ್ರಮವನ್ನು ಅಂಗೀಕರಿಸಿತು. ಅದರ ಕೀಲಿಯ ಉದ್ದ 56 ಬಿಟ್. ಎಂದರೆ, ಸಾಧ್ಯವಿರುವ ಕೀಲಿಗಳ ಸಂಖ್ಯೆ 72ರ ಮುಂದೆ ಹದಿನೈದು ಸೊನ್ನೆಗಳನ್ನು ಬರೆದಷ್ಟು! ಅವನ್ನೆಲ್ಲ ಒಂದೊಂದಾಗಿ ಪರೀಕ್ಷಿಸುವುದು ಆ ಕಾಲದಲ್ಲಿ ಸಾಮಾನ್ಯರ ಕೈಮೀರಿದ ಕಾರ್ಯವಾಗಿದ್ದಿತು. 1998ರಲ್ಲಿಯಾದರೋ, ಎರಡೂವರೆ ಲಕ್ಷ ಡಾಲರಿಗೂ ಕಡಮೆ ವೆಚ್ಚದಲ್ಲಿ ಕಟ್ಟಿದ ಯಂತ್ರವೊಂದು 56 ಗಂಟೆಗಳಲ್ಲಿ ಕೀಲಿಯನ್ನು ಹುಡುಕಿ ತೆಗೆಯಿತು. ಈಗ ಕ್ವಾಂಟಂ ಗಣಕಗಳ ಭೀತಿಯಿಂದ, 2024ರ ಆಗಸ್ಟಿನಲ್ಲಿ ಮೂರು ಹೊಸ ಮಾನಕಗಳೇ ಪ್ರಕಟವಾಗಿವೆ. ಹಿಂದೆಂದೋ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಇದನ್ನರಿಯದಿದ್ದರೆ ಅವನ ಪ್ರಮಾಣಪತ್ರಕ್ಕೆ ಬೆಲೆಯೇನು?

ಆದಕಾರಣವೇ ಈ ಪ್ರಮಾಣಪತ್ರಗಳನ್ನು ಮೂರು ವರ್ಷಗಳಿಗೊಮ್ಮೆ ನವೀಕರಿಸಬೇಕೆಂಬ ನಿಯಮ. ಸಿ.ಐ.ಎಸ್.ಎಸ್.ಪಿ. ಪದವಿಯುಳ್ಳವರು ಈ ಅವಧಿಯಲ್ಲಿ 120 ಕ್ರೆಡಿಟ್‌ಗಳನ್ನು ಗಳಿಸಬೇಕು. ‘ಸೆಕ್ಯುರಿಟಿ ಪ್ಲಸ್’ ಉಳ್ಳವರಿಗೆ 50 ಸಾಕು. ಸ್ಥೂಲವಾಗಿ, ಒಂದು ಗಂಟೆಯ ವ್ಯಾಸಂಗಕ್ಕೆ ಒಂದು ಕ್ರೆಡಿಟ್. 120 ಎಂದೊಡನೆ ಎದೆಗುಂದುವವರು ಭಾಗಾಕಾರವನ್ನು ಮಾಡಿ ನೋಡಲಿ: ವಾರಕ್ಕೆ 46 ನಿಮಿಷ! ಇದನ್ನು ಕಡೆಯ ತಿಂಗಳಿನವರೆಗೆ ತಳ್ಳಿಕೊಂಡು ಬಂದವರೇ ಗಾಬರಿಯಿಂದ ದುಬಾರಿ ತರಬೇತಿಗಳಿಗೆ ಹಣ ಸುರಿಯುವುದು.

ಸಂಸ್ಥೆಗೆ ತೆರಬೇಕಾದ ವಾರ್ಷಿಕ ಶುಲ್ಕದಿಂದ ಮಾತ್ರ ಬಿಡುಗಡೆಯಿಲ್ಲ. ಅದು ಸಿ.ಐ.ಎಸ್.ಎಸ್.ಪಿ.ಗೆ 135 ಡಾಲರು, ಸೆಕ್ಯುರಿಟಿ ಪ್ಲಸ್‌ಗೆ 50. ನಮ್ಮ ದೇಶದ ಸಂಬಳಗಳಿಗೆ ಇದು ಹಗುರವೇನಲ್ಲ. ಉಳಿದುದನ್ನು ಬಹುಮಟ್ಟಿಗೆ ಕಾಸಿಲ್ಲದೆ ಸಾಧಿಸಬಹುದು. ಪ್ರಮಾಣಪತ್ರ ನೀಡುವ ಸಂಸ್ಥೆಗಳೇ ತಮ್ಮ ಸದಸ್ಯರಿಗಾಗಿ ಉಚಿತ ವೆಬಿನಾರ್‌ಗಳನ್ನು ನಡೆಸುತ್ತವೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಕೇಳಬಹುದು; ಪರೀಕ್ಷೆಗೆ ಕುಳಿತುಕೊಳ್ಳುವವರು ಮಾತ್ರ ಹಣ ಕಟ್ಟಬೇಕು. ಬೆಂಗಳೂರಿನಲ್ಲಿ ‘ನಲ್’, ‘ಒವಾಸ್ಪ್’ ಬಳಗಗಳವರು ಸೇರಿಸುವ ಸಭೆಗಳೂ ಉಂಟು. ವಿಷಯವು ತಮ್ಮ ಪ್ರಮಾಣಪತ್ರದ ಪಠ್ಯಕ್ಕೆ ಹೊಂದುವುದೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಎರಡು ಸಂಸ್ಥೆಗಳ ಪ್ರಮಾಣಪತ್ರಗಳಿದ್ದವರು ಒಂದೇ ಉಪನ್ಯಾಸವನ್ನು ಎರಡೂ ಕಡೆ ಲೆಕ್ಕಕ್ಕೆ ತೋರಿಸಬಹುದೆಂಬುದು ಅನೇಕರಿಗೆ ತಿಳಿಯದು.

ನನಗೆ ಎಲ್ಲಕ್ಕಿಂತ ಹಿಡಿಸಿದ ಮಾರ್ಗವೆಂದರೆ ಪಾಠ ಹೇಳುವುದು. (ಅಧ್ಯಾಪಕನ ಪಕ್ಷಪಾತವೆಂದರೂ ಚಿಂತೆಯಿಲ್ಲ.) ಉಪನ್ಯಾಸ ಸಿದ್ಧಪಡಿಸಿದರೂ ಲೇಖನ ಬರೆದರೂ ಕ್ರೆಡಿಟ್ ದೊರೆಯುತ್ತದೆ. ಕಾಲೇಜಿನ ಹುಡುಗರೆದುರು ಗೂಢಲಿಪಿಯನ್ನು ವಿವರಿಸ ಹೊರಟವನು, ಅವರ ಪ್ರಶ್ನೆಗಳ ದೆಸೆಯಿಂದ, ವೆಬಿನಾರಿನ ಮುಂದೆ ತೂಕಡಿಸುವವನಿಗಿಂತ ಹೆಚ್ಚು ಕಲಿಯುತ್ತಾನೆ.

ಕಲಿತುದಕ್ಕೆ ದಾಖಲೆ ಇಡಬೇಕಾದುದೂ ಅವಶ್ಯ. ಸಂಸ್ಥೆಗಳು ಕೆಲವರನ್ನು ಆರಿಸಿ ಲೆಕ್ಕ ಕೇಳುವುದುಂಟು. ಪ್ರಯೋಗಶಾಲೆಯ ದಿನಚರಿಯಂತೆ ದಿನಾಂಕ, ವಿಷಯ, ಗಂಟೆ, ಹಾಜರಿಯ ಪತ್ರ ಇವುಗಳನ್ನು ಅಂದಂದೇ ಬರೆದಿಟ್ಟವರಿಗೆ ಉತ್ತರಿಸಲು ಹತ್ತು ನಿಮಿಷ ಸಾಕಾದೀತು.