ವೀರನ ಸಂಸಾರ: ಅಳಿಸುವ ಕಥೆ, ಬೆಳೆಸುವ ಕಥೆ

ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನಿಗೆ ಅಡ್ಡ ಬಂದ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಎನ್ನುತ್ತದೆ ಅಲ್ಲಿನ ಸ್ಥಳಪುರಾಣ. ಅದು ತಮ್ಮೂರಲ್ಲೇ ನಡೆದದ್ದು ಎಂದು ಆಂಧ್ರದ ಲೇಪಾಕ್ಷಿಯವರೂ ಹೇಳುತ್ತಾರೆ. ಚಳ್ಳಕೆರೆ ಸೀಮೆಯಿಂದ ಎರಡೂ ಕಡೆ ಹೋಗಿ ಕೈಮುಗಿದು ಬರುವವರಿಗೆ ಇದರಲ್ಲಿ ಇಕ್ಕಟ್ಟೇನೂ ಇಲ್ಲ. ಬೆಟ್ಟದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಪತ್ತೆ ಮಾಡಿದಾಗ ಜನ ಆ ಬಂಡೆಯನ್ನು ಬಳೆಗಾರರ ಗುಂಡು ಎನ್ನುತ್ತಿದ್ದರು. ಜಾತ್ರೆಗೆ ಬಂದ ಬಳೆಗಾರರು ಮಲಾರ ಬಿಚ್ಚಿ ಕೂರುತ್ತಿದ್ದದ್ದು ಅಲ್ಲೇ. ಚಕ್ರವರ್ತಿಯ ಆಜ್ಞೆ, ಬಳೆ ವ್ಯಾಪಾರ, ಗಂಡ ಹೆಂಡಿರನ್ನು ಅಗಲಿಸಿದ ಅಪಹರಣದ ಕಥೆ, ಮೂರಕ್ಕೂ ಈ ಬೆಟ್ಟದಲ್ಲಿ ಜಾಗವಿದೆ. ವೀರನ ಸಂಸಾರದ ಕಥೆ ಯಾವಾಗ ಬೆಳೆಯುತ್ತದೆ, ಯಾವಾಗ ಕೆಡುತ್ತದೆ ಎಂಬುದು ತಿಳಿಯಬೇಕಾದರೆ ಈ ರಾಮಕಥೆಯ ಪಕ್ಕದಲ್ಲಿ ಅಮೆರಿಕದ ಕಾಮಿಕ್ಸನ್ನು ಇಟ್ಟು ನೋಡಬೇಕು.

ಸ್ಪೈಡರ್‌ಮ್ಯಾನ್ ಹುಟ್ಟಿದ್ದು 1962ರಲ್ಲಿ. ಆಗ ಅವನು ಪೀಟರ್ ಪಾರ್ಕರ್ ಎಂಬ ಶಾಲಾ ಹುಡುಗ. 1987ರಲ್ಲಿ ಮೇರಿ ಜೇನ್ ಜೊತೆ ಅವನ ಮದುವೆಯಾಯಿತು. ಪ್ರಕಾಶಕರಾದ ಮಾರ್ವೆಲ್‌ನವರು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ವೇಷಧಾರಿಗಳಿಂದ ಆ ಮದುವೆಯನ್ನು ಆಡಿಸಿಯೂ ತೋರಿಸಿದರು. ಅಲ್ಲಿಂದಾಚೆಗೆ ಆ ಸಂಸಾರಕ್ಕೆ ನೆಮ್ಮದಿ ಸಿಗಲಿಲ್ಲ. 1996ರಲ್ಲಿ ಹೆರಿಗೆಯಲ್ಲೇ ಮಗು ಕೈತಪ್ಪಿತು. ಮುಂದೆ ವಿಮಾನ ಸ್ಫೋಟದಲ್ಲಿ ಹೆಂಡತಿ ಸತ್ತಳೆಂದಾಯಿತು. ಬದುಕಿ ಬಂದವಳು ಗಂಡನನ್ನು ಬಿಟ್ಟು ದೂರ ಉಳಿದಳು. 2003ರಲ್ಲಿ ಮತ್ತೆ ಒಂದಾದರು. 2007ರ ‘ಒನ್ ಮೋರ್ ಡೇ’ ಕಥೆಯಲ್ಲಿ ಪೀಟರನನ್ನು ಸಾಕಿದ ದೊಡ್ಡಮ್ಮ ಮೇ ಗುಂಡೇಟು ತಿಂದು ಸಾಯುವ ಸ್ಥಿತಿಯಲ್ಲಿದ್ದಾಳೆ. ಅವಳ ಜೀವ ಉಳಿಸಲು ಮೆಫಿಸ್ಟೊ ಎಂಬ ಸೈತಾನ ಕೇಳುವ ಬೆಲೆ ಈ ಇಬ್ಬರ ಮದುವೆ. ಅವರು ಒಪ್ಪುತ್ತಾರೆ. ವಿಚ್ಛೇದನವಾದರೂ ಆಗಿದ್ದರೆ ಹಿಂದಿನದು ಉಳಿಯುತ್ತಿತ್ತು; ಇಲ್ಲಿ ಮದುವೆ ಆಗಿಯೇ ಇರಲಿಲ್ಲ ಎಂದು ಅವರ ನೆನಪನ್ನೂ ಲೋಕದ ನೆನಪನ್ನೂ ತಿದ್ದಲಾಯಿತು. ಕಥೆ ಬರೆದ ಸ್ಟ್ರಜಿನ್ಸ್ಕಿಗೇ ಇದು ಎಷ್ಟು ಒಗ್ಗಲಿಲ್ಲವೆಂದರೆ ಕೊನೆಯ ಎರಡು ಸಂಚಿಕೆಗಳಿಂದ ತನ್ನ ಹೆಸರು ತೆಗೆಯಿರಿ ಎಂದು ಕೇಳಿ, ಆಮೇಲೆ ಸುಮ್ಮನಾದ.

ಮದುವೆಯಾದ ವೀರ ವಯಸ್ಸಾದವನಂತೆ ಕಾಣುತ್ತಾನೆ, ಎಳೆಯ ಓದುಗರಿಗೆ ದೂರವಾಗುತ್ತಾನೆ ಎಂಬುದು ಪ್ರಕಾಶಕರ ವಾದ. ಇದರ ಒಳಮರ್ಮವನ್ನು ಇಟಲಿಯ ಉಂಬರ್ಟೊ ಎಕೊ 1962ರಲ್ಲೇ ಸೂಪರ್‌ಮ್ಯಾನ್ ಕುರಿತ ಪ್ರಬಂಧದಲ್ಲಿ ಬಿಡಿಸಿಟ್ಟಿದ್ದ: ಮದುವೆಯಾದ ವೀರ ಸಾವಿನ ಕಡೆಗೆ ಒಂದು ಹೆಜ್ಜೆ ಇಟ್ಟಂತೆ, ಹಾಗಾಗಿ ಮುಗಿಯಬಾರದ ಕಥೆ ಮದುವೆಯನ್ನು ತಪ್ಪಿಸುತ್ತಲೇ ಇರಬೇಕು. ಸೂಪರ್‌ಮ್ಯಾನ್‌ಗೆ ಆದದ್ದೂ ಹಾಗೆಯೇ. 1996ರಲ್ಲಿ ಲೋಯಿಸ್‌ಳನ್ನು ಮದುವೆಯಾದ, 2011ರ ಹೊಸ ಸರಣಿಯಲ್ಲಿ ಆ ಮದುವೆ ಇಲ್ಲವಾಯಿತು, 2016ರಲ್ಲಿ ಮಗನ ಸಮೇತ ಮರಳಿತು. ಆದರೆ ಇಂದ್ರಜಾಲ ಕಾಮಿಕ್ಸ್ ಓದಿದವರಿಗೆಲ್ಲ ಗೊತ್ತಿರುವ ಫ್ಯಾಂಟಮ್‌ನನ್ನು ನೋಡಿ. 1977ರಲ್ಲಿ ಡಯಾನಾಳನ್ನು ಮದುವೆಯಾದ, ಅವಳಿ ಮಕ್ಕಳಾದವು, ಆ ಮದುವೆಯನ್ನು ಯಾರೂ ಅಳಿಸಲಿಲ್ಲ. ಅವನೂ ಕಂಪನಿಯೊಂದರ ಸ್ವತ್ತೇ. ಆದರೆ ಅವನ ಕಥೆಯಲ್ಲಿ ಅಪ್ಪ ಸಾಯುತ್ತಾನೆ, ಮಗ ಮುಖವಾಡ ತೊಡುತ್ತಾನೆ. ಹೀಗೆ ಬಂದ 21ನೆಯವನು ಇವನು. ಸಾವನ್ನು ಒಪ್ಪಿಕೊಂಡ ಕಥೆಗೆ ಮದುವೆ ಅಡ್ಡಿಯಾಗುವುದಿರಲಿ, ಅದಿಲ್ಲದೆ ಕಥೆಯೇ ಮುಂದುವರಿಯದು. ಅಂದರೆ ಸಂಸಾರವನ್ನು ಅಳಿಸುವ ಆಸೆ ಹುಟ್ಟುವುದು ಕಾಲದ ಭಯದಿಂದ. ಅಳಿಸುವ ಅಧಿಕಾರ ಸಿಗುವುದು ಒಡೆತನದಿಂದ.

ಈಗ ರಾಮಕಥೆಗೆ ಬರೋಣ. ಅಪಹರಣ, ಅಗ್ನಿಪರೀಕ್ಷೆ, ಲೋಕಾಪವಾದ, ತುಂಬು ಬಸುರಿಯನ್ನು ಕಾಡಿಗೆ ಅಟ್ಟುವುದು: ಇದಕ್ಕಿಂತ ಬಿರುಕುಬಿಟ್ಟ ದಾಂಪತ್ಯ ನಮ್ಮ ಯಾವ ವೀರನದೂ ಅಲ್ಲ. ಕನ್ನಡ ಕವಿಗಳು ಆ ಬಿರುಕನ್ನು ಮುಚ್ಚಿಹಾಕದೆ, ಒಬ್ಬೊಬ್ಬರೂ ಅದಕ್ಕೆ ತಮ್ಮದೊಂದು ಉತ್ತರ ಕೊಟ್ಟರು. ಜೈನ ಪರಂಪರೆಯ ನಾಗಚಂದ್ರನಲ್ಲಿ ಪರೀಕ್ಷೆ ಗೆದ್ದ ಸೀತೆ ಅರಮನೆಗೆ ಮರಳುವುದಿಲ್ಲ, ದೀಕ್ಷೆ ಹಿಡಿಯುತ್ತಾಳೆ. ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಸೀತೆಯ ಪರಿತ್ಯಾಗವನ್ನು ಕಾಡಿನ ಪ್ರಾಣಿಪಕ್ಷಿಗಳೂ ಮರುಗುವಂತೆ ಹಾಡಿ, ಓದುಗರ ಕರುಳನ್ನು ಅವಳ ಪಕ್ಷಕ್ಕೆ ಎಳೆದ. ಕುವೆಂಪು 1949ರ ಶ್ರೀ ರಾಮಾಯಣ ದರ್ಶನಂ ಕಾವ್ಯದಲ್ಲಿ ಸೀತೆಯ ಜೊತೆಗೆ ರಾಮನನ್ನೂ ಬೆಂಕಿಗೆ ಇಳಿಸಿದರು. ಪರೀಕ್ಷೆ ಹೆಂಡತಿಗೆ ಮಾತ್ರ ಯಾಕೆ ಎಂಬ ಹಳೆಯ ಪ್ರಶ್ನೆಗೆ ಅದು ಕವಿ ಕೊಟ್ಟ ತೀರ್ಪು.

ದೇವರನ್ನೂ ಮಾರಾಟದ ಸರಕನ್ನೂ ಒಂದೇ ಸಾಲಿನಲ್ಲಿ ಕೂರಿಸಬಹುದೇ ಎಂದು ಯಾರಾದರೂ ಕೇಳಬಹುದು. ಇಲ್ಲಿ ತೂಗುತ್ತಿರುವುದು ಅವರ ಯೋಗ್ಯತೆಯನ್ನಲ್ಲ, ಅವರ ಕಥೆ ಯಾರ ಕೈಯಲ್ಲಿ ಏನಾಯಿತು ಎಂಬುದನ್ನು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು: ಕುವೆಂಪು ಕಾವ್ಯ ಪಟ್ಟಾಭಿಷೇಕಕ್ಕೇ ಮುಗಿಯುತ್ತದೆ, ಪರಿತ್ಯಾಗದ ಮಾತೇ ಅಲ್ಲಿಲ್ಲ, ಇದೂ ಅಳಿಸಿದಂತೆಯೇ ಅಲ್ಲವೇ? ಅಲ್ಲ. ಕುವೆಂಪು ಕೈಬಿಟ್ಟದ್ದರಿಂದ ಲಕ್ಷ್ಮೀಶ ರದ್ದಾಗಲಿಲ್ಲ. ಎರಡೂ ಪುಸ್ತಕ ಒಂದೇ ಗ್ರಂಥಾಲಯದಲ್ಲಿ ಸಿಗುತ್ತವೆ, ಒಂದನ್ನು ಓದಿದವರು ಇನ್ನೊಂದನ್ನು ನೆನೆದು ಜಗಳವಾಡಬಹುದು. ಮಾರ್ವೆಲ್ ಮಾಡಿದ್ದು ಬೇರೆ: ಹಳೆಯ ಸಂಚಿಕೆಗಳು ಅಂಗಡಿಯಲ್ಲಿ ಸಿಕ್ಕರೂ ಅವುಗಳಲ್ಲಿ ನಡೆದ ಮದುವೆಗೆ ಮುಂದಿನ ಯಾವ ಪಾತ್ರವೂ ಉತ್ತರಿಸಬೇಕಾಗಿಲ್ಲ. ಇನ್ನು ಎಳೆಯರು ಓದುವುದಿಲ್ಲ ಎಂಬ ವಾದಕ್ಕೆ ಅದೇ ಕಂಪನಿ 2024ರಲ್ಲಿ ಉತ್ತರ ಕೊಟ್ಟಿತು. ಬೇರೊಂದು ಲೋಕದ ಕಥೆಯೆಂದು ಹೆಂಡತಿ, ಇಬ್ಬರು ಮಕ್ಕಳಿರುವ ಪೀಟರನನ್ನು ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಸರಣಿಯಲ್ಲಿ ತಂದಾಗ ಮೊದಲ ಸಂಚಿಕೆಯನ್ನೇ ಹಲವು ಸಲ ಮರುಮುದ್ರಿಸಬೇಕಾಯಿತು.

ಗಮನಿಸಿ: ಒಂದೇ ವೀರನಿಗೆ ಹಲವು ಲೋಕಗಳು, ಲೋಕಕ್ಕೊಂದು ಸಂಸಾರ ಎಂಬ ಆ ಉಪಾಯ ಕಂಪನಿಯಲ್ಲಿ ನಡೆಯುವುದು ಒಡೆಯರ ಅಪ್ಪಣೆ ಇದ್ದರೆ ಮಾತ್ರ. ರಾಮಕಥೆ ಆ ದಾರಿಯಲ್ಲಿ ಮೊದಲಿನಿಂದಲೂ ನಡೆದಿದೆ, ಯಾರ ಅಪ್ಪಣೆಯೂ ಇಲ್ಲದೆ. ಸಂಸಾರ ಮುರಿದರೆ ಕಥೆ ಕೆಡುವುದಿಲ್ಲ. ಮುರಿದದ್ದಕ್ಕೆ ಯಾರೂ ಹೊಣೆಯಲ್ಲ ಎಂದಾಗ ಕೆಡುತ್ತದೆ. ವೀರಕಥೆಯೊಂದು ಕೈಗೆ ಬಂದಾಗ ದಂಪತಿ ಕೊನೆಗೆ ಒಂದಾದರೇ ಎಂದು ಕೇಳುವುದಕ್ಕಿಂತ, ಆದ ಅನ್ಯಾಯಕ್ಕೆ ಈ ಕಥೆ ಯಾರಿಂದ ಉತ್ತರ ಕೇಳಿದೆ ಎಂದು ನೋಡುವುದು ಮೇಲು.