ಅಂಗಿಯ ಮೇಲೇರಿದ ಸಾರಂಗ

ನಿಮಗಿದು ಗೊತ್ತೆ? ಆಟಗಾರರ ಅಂಗಿಯ ಮೇಲೆ ಜಾಹೀರಾತನ್ನು ಜರ್ಮನಿಯ ಫುಟ್‌ಬಾಲ್ ಸಂಘವು ನಿಷೇಧಿಸಿದ್ದ ಕಾಲದಲ್ಲಿ, ಯೇಗರ್‌ಮೈಸ್ಟರ್ ಎಂಬ ಮದ್ಯ ತಯಾರಿಕಾ ಸಂಸ್ಥೆಯ ಗುಂಟರ್ ಮಾಸ್ಟ್ ಎಂಬವರು, ಸಾಲಭಾರದಿಂದ ಬಳಲುತ್ತಿದ್ದ ಐನ್‌ಟ್ರಾಖ್ಟ್ ಬ್ರೌನ್‌ಶ್ವೈಗ್ ತಂಡಕ್ಕೆ ಧನಸಹಾಯವನ್ನಿತ್ತು, ತಮ್ಮ ಸೀಸೆಯ ಮೇಲಿನ, ಕೊಂಬುಗಳ ನಡುವೆ ಶಿಲುಬೆ ಬೆಳಗುವ ಸಾರಂಗದ ಶಿರವನ್ನೇ ತಂಡದ ಲಾಂಛನವನ್ನಾಗಿ ಮಾಡಿಸುವ ಉಪಾಯವನ್ನು ಮುಂದಿಟ್ಟರು. ಜಾಹೀರಾತು ನಿಷಿದ್ಧವಾಗಿದ್ದರೂ ಲಾಂಛನಕ್ಕೆ ಅಡ್ಡಿಯಿರಲಿಲ್ಲ! 1973ರ ಜನವರಿಯಲ್ಲಿ ಕ್ಲಬ್ಬಿನ ಸದಸ್ಯರು ಬಹುಮತದಿಂದ ಸಮ್ಮತಿಸಿ, ಬ್ರೌನ್‌ಶ್ವೈಗ್ ನಗರದ ಪುರಾತನ ಚಿಹ್ನೆಯಾದ ಸಿಂಹವನ್ನು ಕೆಳಗಿಳಿಸಿದರು. ಇದು ವ್ಯಥೆಯ ಸಂಗತಿಯೇ ಆದರೂ ಆ ಬುದ್ಧಿಚಾತುರ್ಯವನ್ನು ಮೆಚ್ಚದಿರಲಾಗದು. ಮಾರ್ಚ್ 24ರಂದು, ಶಾಲ್ಕೆ ತಂಡದೊಡನೆ ನಡೆದ ಪಂದ್ಯಕ್ಕೆ ಮುನ್ನ, ತೀರ್ಪುಗಾರರು ಅಳತೆಪಟ್ಟಿಯನ್ನು ಹಿಡಿದು ಲಾಂಛನದ ಗಾತ್ರವನ್ನು ಪರೀಕ್ಷಿಸಿದ ತರುವಾಯವೇ ಸಾರಂಗವು ಮೈದಾನವನ್ನು ಪ್ರವೇಶಿಸಿತು. ಆ ವರ್ಷ ಮುಗಿಯುವುದರೊಳಗೆ ಸಂಘವು ಅಂಗಿಯ ಜಾಹೀರಾತಿಗೆ ಅಧಿಕೃತವಾಗಿ ಅನುಮತಿಯನ್ನಿತ್ತಿತು.