ಗಣಕಯಂತ್ರ ಏಳದಿದ್ದಾಗ

ಮೇಜಿನ ಮೇಲಿನ ಗಣಕಯಂತ್ರ ಒಂದು ದಿನ ಗುಂಡಿ ಒತ್ತಿದರೂ ಏಳದೆ ಹೋದರೆ ನಮ್ಮೆಲ್ಲರ ಬಾಯಿಂದ ಹೊರಡುವ ಮಾತು ಒಂದೇ: 'ಕೆಟ್ಟುಹೋಯಿತು'. ಬಹುಕಾಲ ವ್ಯಾಕರಣದ ಪಾಠ ಹೇಳಿದ ನನಗೆ ಈ ವಾಕ್ಯದ ಮೇಲೆ ಒಂದು ತಕರಾರಿದೆ. ಇದರಲ್ಲಿ ಕ್ರಿಯಾಪದವಿದೆ, ಕರ್ತೃಪದವಿಲ್ಲ. ಕೆಟ್ಟದ್ದು ಯಾವುದು? ಗೋಡೆಯ ಪ್ಲಗ್ಗೇ, ಪರದೆಯ ತಂತಿಯೇ, ನಮ್ಮ ಬರಹಗಳನ್ನು ಕಾಪಿಟ್ಟುಕೊಂಡಿರುವ ಹಾರ್ಡ್ ಡಿಸ್ಕೇ? ಆ ಕರ್ತೃವನ್ನು ಕಂಡುಹಿಡಿಯುವುದೇ ರಿಪೇರಿಯ ಮುಕ್ಕಾಲು ಪಾಲು. ಅದನ್ನು ಕಾಣುವ ಮೊದಲೇ ಚಿಕಿತ್ಸೆಗೆ ಕೈಹಾಕಿದರೆ ಯಂತ್ರಕ್ಕಿಂತ ಬೆಲೆಯುಳ್ಳ ವಸ್ತುವನ್ನು ಕಳೆದುಕೊಳ್ಳಬೇಕಾದೀತು. ನಾನು ತಂತ್ರಜ್ಞನಲ್ಲ, ಯಂತ್ರವನ್ನು ಬಳಸುವ ಸಾಮಾನ್ಯನೊಬ್ಬ ತಿಳಿದಿರಬೇಕಾದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಯಂತ್ರ ಎಚ್ಚರಗೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ 'ಬೂಟ್' ಆಗುವುದು ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವವನ ಕಲ್ಪನೆಯಿಂದ ಬಂದ ಮಾತು ಅದು. ಹೆಸರು ಅನ್ವರ್ಥವಾಗಿದೆ. ಯಂತ್ರ ಕೆಲಸ ಮಾಡಬೇಕಾದರೆ ಅದಕ್ಕೆ ಆದೇಶಗಳು ಬೇಕು, ಆದೇಶಗಳು ಡಿಸ್ಕಿನಲ್ಲಿವೆ, ಡಿಸ್ಕಿನಿಂದ ಅವನ್ನು ಓದಿಕೊಳ್ಳುವುದಕ್ಕೂ ಒಂದು ಆದೇಶ ಬೇಕು! ಈ ತೊಡಕನ್ನು ಬಿಡಿಸಲೆಂದೇ ಒಳಗಿನ ಮದರ್‌ಬೋರ್ಡಿನ ಮೇಲೆ, ವಿದ್ಯುತ್ತು ಹೋದರೂ ಅಳಿಯದಂತೆ, ಮೊದಲ ಆದೇಶಗಳನ್ನು ಬರೆದಿಟ್ಟ ಒಂದು ಚಿಕ್ಕ ಚಿಪ್ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಆ ಬರಹದ ಹೆಸರು ಬಯಾಸ್, ಈಚಿನವುಗಳಲ್ಲಿ ಯುಇಎಫ್‌ಐ. ಅದು ನೆನಪಿನ ಪಟ್ಟಿಯಾದ ರ‍್ಯಾಮನ್ನು, ಚಿತ್ರ ಮೂಡಿಸುವ ಭಾಗವನ್ನು, ಕೀಲಿಮಣೆಯನ್ನು ಒಂದೊಂದಾಗಿ ಕರೆದು ನೋಡುತ್ತದೆ. ಎಲ್ಲವೂ ಓಗೊಟ್ಟರೆ ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್ ವ್ಯವಸ್ಥೆಯನ್ನು ಎಬ್ಬಿಸಿ, ಅದಕ್ಕೆ ಅಧಿಕಾರ ವಹಿಸಿಕೊಡುತ್ತದೆ. ಹೀಗೆ ಏಳುವುದೆಂಬುದು ಒಂದೇ ಕ್ರಿಯೆಯಲ್ಲ. ಕೈಯಿಂದ ಕೈಗೆ ದಾಟುವ ಸರಪಣಿ. ಸರಪಣಿ ಎಲ್ಲಿಯವರೆಗೆ ಬಂದು ನಿಂತಿತು ಎಂಬುದನ್ನು ಗಮನಿಸಿದರೆ ದೋಷದ ಜಾಗ ತಾನಾಗಿ ತೋರುತ್ತದೆ.

ಮೊದಲ ಕೊಂಡಿ ವಿದ್ಯುತ್ತು. ದೀಪವಿಲ್ಲ, ಫ್ಯಾನಿನ ಸದ್ದೂ ಇಲ್ಲ ಎಂದರೆ ಒಳಗನ್ನು ಬಿಚ್ಚುವುದಕ್ಕೆ ಮುಂಚೆ ಹೊರಗನ್ನು ನೋಡಬೇಕು. ಅದೇ ಪ್ಲಗ್ಗಿಗೆ ಬೇರೊಂದು ದೀಪ ಹಾಕಿ ನೋಡಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಯಿಂದ ಕೊಟ್ಟು ನೋಡಿ. ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಚಿಕ್ಕ ಸ್ವಿಚ್ ಇರುವುದುಂಟು. ಗುಡಿಸುವಾಗ, ಒರೆಸುವಾಗ ಅದು ಆರಿಹೋಗಿರಬಹುದು. ಇಷ್ಟಾದರೂ ಜೀವ ಬಾರದಿದ್ದರೆ ಸಂಶಯ ಎಸ್‌ಎಂಪಿಎಸ್ ಎಂಬ ಭಾಗದ ಮೇಲೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುವುದು ಅದರ ಕೆಲಸ. ಅದನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿಯಾದ ವಿದ್ಯುತ್ತು ಉಳಿದಿರಬಹುದು.

ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕತ್ತಲೆ. ಇದು ಎರಡನೆಯ ಬಗೆ. ಪರದೆಯ ತಂತಿ ಎರಡು ತುದಿಗಳಲ್ಲಿಯೂ ಬಿಗಿಯಾಗಿದೆಯೆ ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರವಾದರೆ ತಂತಿ ಆ ಕಾರ್ಡಿಗೇ ಸೇರಿರಬೇಕು. ಕೆಲವು ಯಂತ್ರಗಳು ಇಂಥ ವೇಳೆಯಲ್ಲಿ 'ಬೀಪ್' ಎಂದು ಕೂಗುತ್ತವೆ. ಎಷ್ಟು ಸಲ, ಗಿಡ್ಡವೋ ಉದ್ದವೋ ಎಂದು ಎಣಿಸಿಕೊಳ್ಳಿ. ನಮ್ಮ ಲಘು ಗುರುಗಳಂತೆ ಅದಕ್ಕೂ ಅರ್ಥವಿದೆ. ಆದರೆ ತಯಾರಕರಿಂದ ತಯಾರಕರಿಗೆ ಅರ್ಥ ಬೇರೆಯಾದ್ದರಿಂದ ಕೈಪಿಡಿ ನೋಡಿಯೇ ನಿರ್ಣಯಿಸಬೇಕು. ಅನೇಕ ವೇಳೆ ದೋಷ ರ‍್ಯಾಮ್ ಪಟ್ಟಿ ಸಡಿಲವಾದದ್ದರಲ್ಲಿರುತ್ತದೆ. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಪಟ್ಟಿಯನ್ನು ತೆಗೆದು ಮತ್ತೆ ಕೊಂಡಿ ಕಚ್ಚುವವರೆಗೆ ಒತ್ತಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಇಲ್ಲಿ ಮುರಿಯಬಾರದ ಸೂತ್ರ. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಎದ್ದರೂ ಅದು ಏಕೆ ಎದ್ದಿತೆಂಬುದು ತಿಳಿಯದು.

ಮೂರನೆಯದು, ಪರದೆಯ ಮೇಲೆ ಅಕ್ಷರ ಮೂಡಿ, ಬೂಟ್ ಆಗತಕ್ಕ ಸಾಧನ ಯಾವುದೂ ಸಿಕ್ಕಲಿಲ್ಲವೆಂದು ಯಂತ್ರವೇ ಹೇಳುವ ಸಂದರ್ಭ. ಯಾರಾದರೂ ಪೆನ್ ಡ್ರೈವ್ ಚುಚ್ಚಿಟ್ಟು ಮರೆತಿದ್ದರೆ ಮೊದಲು ತೆಗೆಯಿರಿ; ಯಂತ್ರ ಅದರಲ್ಲಿ ವಿಂಡೋಸನ್ನು ಹುಡುಕಿ ಬಳಲಿರಬಹುದು. ಗಡಿಯಾರವೂ ಹಳೆಯ ತಾರೀಕಿಗೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿರುವ ಸಂಭವವಿದೆ. ಆಗ ಯಾವುದರಿಂದ ಏಳಬೇಕೆಂಬ ಏರ್ಪಾಟನ್ನೂ ಯಂತ್ರ ಮರೆತಿರಬಹುದು. ಬಯಾಸಿನ ಪುಟದಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ಅದರ ತಂತಿಯನ್ನು ಪರೀಕ್ಷಿಸಬೇಕು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬಂದರೆ ಮಾತ್ರ ಮತ್ತೆ ಮತ್ತೆ ಪ್ರಯತ್ನಿಸದೆ ಒಡನೆ ಆರಿಸಬೇಕು. ಅದು ಪ್ರಾಣಸಂಕಟದ ಸದ್ದು.

ನಾಲ್ಕನೆಯ ಬಗೆಯಲ್ಲಿ ಯಂತ್ರದ ಅಂಗಾಂಗಗಳೆಲ್ಲ ಸರಿಯಾಗಿಯೇ ಇರುತ್ತವೆ. ವಿಂಡೋಸ್ ಏಳಲು ಹೊರಟು ಎಡವುತ್ತದೆ. ಇದಕ್ಕೆ ಜಗತ್ತೇ ಕಂಡ ನಿದರ್ಶನವಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ತನ್ನ ರಕ್ಷಣಾ ತಂತ್ರಾಂಶಕ್ಕಾಗಿ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಟ್ಟರು. ಪರಿಹಾರವೇನು? 'ಸೇಫ್ ಮೋಡ್' ಎಂಬ ಮಿತ ಎಚ್ಚರದ ಸ್ಥಿತಿಯಲ್ಲಿ ಯಂತ್ರವನ್ನು ಎಬ್ಬಿಸಿ, ಆ ಒಂದು ಕಡತವನ್ನು ಅಳಿಸುವುದು. ಡಿಸ್ಕಿನಲ್ಲಿದ್ದ ಉಳಿದ ಬರಹಕ್ಕೆ ಕುಂದಿರಲಿಲ್ಲ. ಯಂತ್ರ ಸತ್ತಂತೆ ಕಂಡಿತು, ಕೆಟ್ಟಿದ್ದು ಒಂದು ಕಡತ ಮಾತ್ರ.

ಕರ್ತೃವನ್ನು ಹುಡುಕಿರೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ನಿವೃತ್ತರಾದ ನನ್ನ ಮಿತ್ರರೊಬ್ಬರು ಬಯಲುಸೀಮೆಯ ಬೇಸಾಯದ ಪದಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ ಗಣಕಕ್ಕೆ ಏರಿಸಿದ್ದರು. ಮೂಲ ಚೀಟಿಗಳು ಗೆದ್ದಲಿಗೆ ಹೋಗಿದ್ದವು. ಪದ ಹೇಳಿದ ಮುದುಕರಲ್ಲಿ ಬಹುಮಂದಿ ಈಗಿಲ್ಲ. ಒಂದು ಸಲ ವಿದ್ಯುತ್ತು ಹೋಗಿ ಬಂದ ಮೇಲೆ ವಿಂಡೋಸ್ ಏಳಲಿಲ್ಲ. ರಿಪೇರಿಗೆ ಬಂದ ಹುಡುಗ, "ಫಾರ್ಮ್ಯಾಟ್ ಮಾಡಿಬಿಟ್ಟರೆ ಅರ್ಧ ಗಂಟೆಯ ಕೆಲಸ ಸಾರ್" ಎಂದ. ಅವನು ಹೇಳಿದ್ದು ಸುಳ್ಳಲ್ಲ, ಯಂತ್ರ ಏಳುತ್ತಿತ್ತು. ಆದರೆ ಫಾರ್ಮ್ಯಾಟ್ ಎಂದರೆ ಮಸುಕಾದ ಒಂದು ಸಾಲಿಗಾಗಿ ಓಲೆಯ ಕಟ್ಟನ್ನೇ ಹೊಳೆಗೆ ಬಿಟ್ಟಂತೆ. ನಾನು ಜೊತೆಯಲ್ಲಿದ್ದೆ. ಮೊದಲು ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸೋಣವೆಂದು ಇಬ್ಬರೂ ಹೇಳಿದೆವು. ಹುಡುಗ ಒಪ್ಪಿ ಹಾಗೆಯೇ ಮಾಡಿದ. ಪದಗಳೆಲ್ಲ ಇದ್ದಲ್ಲಿಯೇ ಇದ್ದವು. ಅವುಗಳ ನಕಲು ಬೇರೆಡೆ ಸೇರಿದ ಮೇಲೆ ಫಾರ್ಮ್ಯಾಟಿಗೆ ಯಾರ ಅಡ್ಡಿಯೂ ಇರಲಿಲ್ಲ.

ಡಿಸ್ಕನ್ನು ಬಿಚ್ಚುವ ಅನುಕೂಲವಿಲ್ಲದಿದ್ದರೆ, ಪೆನ್ ಡ್ರೈವಿನಿಂದಲೇ ಏಳುವ ಲಿನಕ್ಸನ್ನು ಬಳಸಿ ಕಡತಗಳನ್ನು ಹೊರಗೆ ತೆಗೆಯಬಹುದು. ಬಿಟ್‌ಲಾಕರ್ ಎಂಬ ಬೀಗ ಹಾಕಿದ ಡಿಸ್ಕಾದರೆ 48 ಅಂಕಿಗಳ ಕೀಲಿಸಂಖ್ಯೆ ಬೇಕಾದೀತು. ಅದನ್ನು ಇಂದೇ ಕಾಗದದ ಮೇಲೆ ಬರೆದಿಡಿ. ಯಂತ್ರ ಚೆನ್ನಾಗಿರುವಾಗಲೇ ಮುಖ್ಯ ಬರಹಗಳ ಒಂದು ಪ್ರತಿಯನ್ನು ಬೇರೆಡೆ ಇರಿಸಿ. ಮದರ್‌ಬೋರ್ಡು, ರ‍್ಯಾಮು, ಎಸ್‌ಎಂಪಿಎಸ್ಸು ಎಲ್ಲವೂ ಅಂಗಡಿಯಲ್ಲಿ ಸಿಕ್ಕುತ್ತವೆ. ತೀರಿಕೊಂಡ ಒಕ್ಕಲಿಗನೊಬ್ಬನ ಬಾಯಿಂದ ಬಂದ ಮಾತು ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ.